ಮೇಜಿನ ಕೆಳಗಿನ ಸ್ವಿಚ್ಚು

ಮೇಜಿನ ಕೆಳಗೆ ಕೂತ ನಾಗುವಿಗೆ ಬಂದವರು ಯಾರೆಂದು ಗೊತ್ತಾದದ್ದು ಅವರ ಪಾದಗಳಿಂದ. ಮೇಜಿನ ಸುತ್ತ ಇಳಿಬಿಟ್ಟ ನೀಲಿ ಪರದೆಯ ಅಂಚು ನೆಲದಿಂದ ನಾಲ್ಕು ಬೆರಳು ಮೇಲಕ್ಕಿತ್ತು. ಆ ಸಂದಿನಲ್ಲಿ ಮೊದಲು ಬಂದ ದಪ್ಪ, ಮೆತ್ತನೆಯ ಪಾದಗಳು ಬ್ಯಾಂಕಿನ ಮ್ಯಾನೇಜರರವು; ಹಿಮ್ಮಡಿ ಬಿರಿದ ಒಣಕಲು ಪಾದಗಳು ಕುಮಟೆಯ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮಾಸ್ತರರವು; ಅವುಗಳ ಹಿಂದೆ, ನೆಲ ಒರೆಸಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಬೆರಳೂರಿ ಬಂದವು ಮಾಸ್ತರರ ಹೆಂಡತಿಯ ಕಾಲುಂಗುರದ ಪಾದಗಳು. ನೆಲ ಒರೆಸಿದವಳು ನಾಗುವೇ, ಬೆಳಿಗ್ಗೆ ಎರಡು ಸಲ. ಈಗ ಮೊಣಕಾಲನ್ನು ಎದೆಗೆ ಒತ್ತಿಕೊಂಡು, ತಲೆ ಮೇಲಿನ ಪ್ಲೈವುಡ್ಡಿಗೆ ತಾಗದಂತೆ ಕತ್ತು ಬಗ್ಗಿಸಿ, ಉಸಿರು ಸಣ್ಣಗೆ ಮಾಡಿಕೊಂಡು ಕೂತಿದ್ದಳು. ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಳ್ಳಬೇಕೆಂದು ಮನೆಯ ಯಜಮಾನರಾದ ಹೊನ್ನಪ್ಪ ನಾಯಕರು ನಿನ್ನೆಯೇ ಹೇಳಿದ್ದರು. ಅವರು ಅದನ್ನು ನಗುತ್ತ ಹೇಳಿದ್ದರು, ಅವಳೂ ನಕ್ಕಿದ್ದಳು. ನಗುವಾಗ ಅದು ಇಬ್ಬರೂ ಸೇರಿ ಊರಿಗೆ ಹೂಡಿದ ಆಟದ ಹಾಗೆ ಕಂಡಿತ್ತು. ಈಗ ಕತ್ತಿನ ನರ ಹಿಡಿದುಕೊಂಡು, ಹೊರಗೆ ಕುರ್ಚಿ ಎಳೆಯುವ ಸದ್ದು ಕೇಳುವಾಗ, ಆಟದಲ್ಲಿ ತನ್ನ ಪಾಲು ಯಾವುದು ಎಂದು ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

ನಾಯಕರ ಕಾಲುಗಳು ಅವಳಿಗೆ ಎಲ್ಲರಿಗಿಂತ ಹತ್ತಿರ, ಒಂದು ಗೇಣು ದೂರದಲ್ಲಿದ್ದವು. ದಪ್ಪ ಅಟ್ಟೆಯ ಚರ್ಮದ ಚಪ್ಪಲಿ, ತಿದ್ದಿ ಕತ್ತರಿಸಿದ ಉಗುರು, ಇಪ್ಪತ್ತೈದು ವರ್ಷ ಹಡಗಿನಲ್ಲಿ ಕಳೆದರೂ ಬಿಸಿಲು ಕಾಣದ ಬಿಳಿ ಹಿಮ್ಮಡಿ. ಹಡಗಿನ ರೇಡಿಯೊ ಆಫೀಸರರಾಗಿದ್ದವರನ್ನು ಊರವರು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು, ಅವರೂ ತಿದ್ದಿರಲಿಲ್ಲ. ಮದುವೆಯಾಗಿರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ನೌಕರಿ ಬಿಟ್ಟು ಕುಮಟೆಯ ಬಂದರ ರಸ್ತೆಯಲ್ಲಿ ಮನೆ ಮಾಡಿದ್ದರು. ಬಂದ ಪೆಟ್ಟಿಗೆಗಳಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ಆಟಿಕೆಯ ರೈಲು: ಹಳಿ, ಡಬ್ಬಿ, ಸಿಗ್ನಲ್ಲು, ಬೆರಳುದ್ದದ ಸ್ಟೇಷನ್ನು, ಹಸಿರು ಬಣ್ಣದ ಮರದ ಹೊಟ್ಟಿನ ಗುಡ್ಡ. ಅದೆಲ್ಲ ಈಗ ಈ ಮೇಜಿನ ಮೇಲಿತ್ತು. ಕುಮಟೆಯಲ್ಲಿ ರೈಲು ನೋಡಬೇಕೆಂದರೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾಗಿದ್ದ ಕಾಲ ಅದು. ಕೂತಲ್ಲೇ ತೋರಿಸುತ್ತೇನೆ ಎಂದು ಅವರು ಯಾರ ಬಳಿಯೋ ಹೇಳಿದ್ದು ಊರೆಲ್ಲ ಸುತ್ತಿ, ಈ ಆದಿತ್ಯವಾರದ ನಾಲ್ಕು ಗಂಟೆಗೆ ಈ ಆರು ಪಾದಗಳಾಗಿ ಮನೆಗೆ ಬಂದಿತ್ತು.

ಅವಳನ್ನು ಈ ಮನೆಗೆ ತೋರಿಸಿಕೊಟ್ಟವನು ಪೇಟೆಯ ರೇಡಿಯೊ ರಿಪೇರಿಯ ಗಣಪ. ಸೋಲ್ಡರ್ ಮಾಡುವವರು ಬೇಕು, ಕೈ ಇಟ್ಟಲ್ಲಿ ನಿಲ್ಲಬೇಕು ಎಂದು ನಾಯಕರು ಕೇಳಿದಾಗ ಗಣಪ, "ಗಂಡಸು ಯಾರೂ ಇಲ್ಲ ಸಾಹೇಬ್ರೆ, ಅಘನಾಶಿನಿಲಿ ಒಂದು ಹೆಂಗ್ಸದೆ. ಬೊಂಬಾಯಿಲಿ ಕಾಯಿಲ್ ಸುತ್ತೂ ಕಾರ್ಖಾನೇಲಿ ಎಂಟು ವರ್ಷ ಇತ್ತು. ಗಂಡ ಬಿಟ್ಟು ಹಾಕಿ ಬಂದದೆ," ಎಂದಿದ್ದನಂತೆ. ಅಘನಾಶಿನಿಯಲ್ಲಿ ಅಣ್ಣ ಜಟ್ಟನ ಮನೆಯಲ್ಲಿ, ಅತ್ತಿಗೆ ಸುಬ್ಬಿಯ ಜೊತೆ ಉಬ್ಬರ ಇಳಿದಾಗ ಹೊಳೆಗಿಳಿದು ಚಿಪ್ಪಿ ಹೆಕ್ಕುತ್ತಿದ್ದ ನಾಗು ಮರುದಿನವೇ ಬೆಳಗಿನ ಬಸ್ಸು ಹತ್ತಿದ್ದಳು. ಎಂಟು ತಿಂಗಳಾದವು. ಮೊದಲ ದಿನ ಅವಳು ಕಂಡದ್ದು ಮೇಜಲ್ಲ, ಅವರ ಬಲಗೈ. ಅದು ಕುರ್ಚಿಯ ಕೈಯ ಮೇಲೆ ತನ್ನಷ್ಟಕ್ಕೆ ಏನನ್ನೋ ಎಣಿಸುವ ಹಾಗೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿತ್ತು. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬು ನಡುಗಿತು. "ಗಟ್ಟಿ ಒತ್ತಿ ಹಿಡಿದರೆ ನಿಲ್ತದೆ, ಬಿಟ್ಟರೆ ಶುರು," ಎಂದರು, ಬೇರೆ ಯಾರದೋ ಕೈಯ ಬಗ್ಗೆ ದೂರುವ ಹಾಗೆ.

ಕೆಲಸ ಕಷ್ಟದ್ದೇ. ನಾಯಕರ ಬಳಿ ಎರಡು ಜಾತಿಯ ಎಂಜಿನ್ನುಗಳಿದ್ದವು. ಹಳೆಯವು ಹಳಿಯಲ್ಲಿ ಕರೆಂಟು ಬಂದರೆ ಓಡುವವು. ಗುಂಡಿ ತಿರುಗಿಸಿದಷ್ಟು ಜೋರು, ಬಿಟ್ಟರೆ ನಿಂತವು. ಹೊಸದು, ಕೊನೆಯ ಪ್ರಯಾಣದಲ್ಲಿ ಹ್ಯಾಂಬರ್ಗಿನಿಂದ ತಂದದ್ದು, ಡಿಜಿಟಲ್ಲು. ಅದಕ್ಕೆ ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟು ಇರಬೇಕು, ಆ ಕರೆಂಟಿನೊಳಗೇ ಕಳಿಸಿದ ನಂಬರು ತನ್ನದೆಂದು ತಿಳಿದರೆ ಮಾತ್ರ ಓಡುತ್ತದೆ. ಒಂದೇ ಹಳಿಗೆ ಎರಡೂ ಬೇಕು, ಆದರೆ ಎರಡೂ ಒಂದೇ ಗಳಿಗೆಯಲ್ಲಿ ಬರಬಾರದು. ಬಂದರೆ ಆ ನಂಬರು ಕಳಿಸುವ ಹೊಸ ಬಾಕ್ಸು ಸುಟ್ಟುಹೋಗುತ್ತದೆ. ಹೊಸ ಕರೆಂಟಿನ ಮೇಲೆ ಹಳೆಯ ಎಂಜಿನ್ನು ನಿಲ್ಲಿಸಿದರೆ ಅದು ಓಡುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ನಿಂತಲ್ಲೇ ಗುಂಯ್ಗುಟ್ಟುತ್ತ ಒಳಗಿನ ಕಾಯಿಲು ಬೆಂದುಹೋಗುತ್ತದೆ. ಅದಕ್ಕೇ ಆರು ಕಾಲಿನ ಈ ದೊಡ್ಡ ಸ್ವಿಚ್ಚು. ನಡುವಿನ ಎರಡು ಕಾಲು ಹಳಿಗೆ, ಮೇಲಿನ ಎರಡು ಹಳೆಯ ಕಂಟ್ರೋಲರಿಗೆ, ಕೆಳಗಿನ ಎರಡು ಹೊಸ ಬಾಕ್ಸಿಗೆ. ಹಳೆಯ ಎಂಜಿನ್ನು ನಿಲ್ಲುವ ಪಕ್ಕದ ಹಳಿಯನ್ನು ಕತ್ತರಿಸಿ, ಅದಕ್ಕೆ ಕರೆಂಟು ಬಿಡಲು ಬೇರೆಯೇ ಒಂದು ಸಣ್ಣ ಸ್ವಿಚ್ಚು. ಮೊದಲು ದೊಡ್ಡದನ್ನು ಹಳೆಯ ಕಡೆಗೆ ಹಾಕಬೇಕು, ಆಮೇಲೆ ಸಣ್ಣದು. ಈ ಕ್ರಮವನ್ನು ನಾಯಕರು ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ನಕ್ಷೆ ಅವರದು, ಕೈ ಅವಳದು. ಕೆಂಪು ವೈರು, ಕಪ್ಪು ವೈರು, ಪ್ರತಿಯೊಂದಕ್ಕೂ ಚೀಟಿ. ಅಂಗಾತ ಮಲಗಿ ಮೇಲಕ್ಕೆ ಸೋಲ್ಡರ್ ಮಾಡುವಾಗ ಬಿಸಿ ಸೀಸದ ಹನಿ ಕತ್ತಿನ ಮೇಲೆ ಬಿದ್ದು ಮೂರು ಕಪ್ಪು ಕಲೆಗಳಾಗಿದ್ದವು. ಒಂದು ದಿನ ಅವರು ಪರದೆ ಎತ್ತಿ ಬಗ್ಗಿ ನೋಡಿ, "ನಾಗೂ, ಹಡಗಿನ ರೇಡಿಯೊ ರೂಮಿನಲ್ಲೂ ಇಂಥ ಕೆಲಸ ಕಂಡದ್ದಿಲ್ಲ ನಾನು," ಎಂದಿದ್ದರು. ಆ ಮಾತನ್ನು ಅವಳು ಬಸ್ಸಿನಲ್ಲಿ ಅಘನಾಶಿನಿಯ ತನಕ, ಯಾರಿಗೂ ಕಾಣದ ಹಾಗೆ, ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದಳು.

ಆ ದಿನವೋ ಅದರ ಮರುದಿನವೋ ಇರಬೇಕು, ಅವಳು ಅವರಿಗೆ ತನ್ನ ಗಂಡನ ಮಾತು ಹೇಳಿದ್ದು. ಮೇಜಿನ ಕೆಳಗೆ ಮಲಗಿ, ಮುಖ ಕಾಣದ್ದರಿಂದ ಹೇಳಲು ಸಾಧ್ಯವಾಯಿತು. ಬೊಂಬಾಯಿಯಲ್ಲಿ ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡದ್ದು ಎಲ್ಲರಿಗೂ ಗೊತ್ತು. ಯಾಕೆ ಎಂದು ಅವನು ಹೇಳಿದ್ದು ಯಾರಿಗೂ ಗೊತ್ತಿರಲಿಲ್ಲ, ಜಟ್ಟನಿಗೂ ಸುಬ್ಬಿಗೂ. ಬಿಸಿ ಕಡ್ಡಿ, ಸೀಸ, ತಾಮ್ರದ ತಂತಿ ಹಿಡಿದು ಹಿಡಿದು ಅವಳ ಬೆರಳ ತುದಿಗಳು ಗಟ್ಟಿಯಾಗಿದ್ದವು. ಒಂದು ರಾತ್ರಿ ಅವನು ಅವಳ ಕೈಯನ್ನು ತನ್ನ ಬೆನ್ನಿನಿಂದ ಎತ್ತಿ ಪಕ್ಕಕ್ಕಿಟ್ಟು, "ಇದು ಕೈಯಲ್ಲ ಮಾರಾಯ್ತಿ, ಅರ. ಮೈ ಮೇಲೆ ಅರ ಉಜ್ಜಿದ ಹಾಗೆ ಆಗ್ತದೆ," ಎಂದಿದ್ದ. ಜಗಳದಲ್ಲಿ ಹೇಳಿದ್ದಲ್ಲ, ನಿದ್ದೆಗಣ್ಣಿನಲ್ಲಿ ಹೇಳಿದ್ದು. ಅದಕ್ಕೇ ಅದು ನಿಜ ಎಂದು ಅವಳಿಗೆ ಗೊತ್ತಾಗಿತ್ತು. ಮೇಲಿನಿಂದ ನಾಯಕರು, "ನನ್ನ ಕೈ ನೋಡಿದ್ದೀಯಲ್ಲ," ಎಂದರು, ಅಷ್ಟೇ. ಆ ಹೊತ್ತಿಗೆ ಅದೇ ಸಾಕಾಗಿತ್ತು.

ದೊಡ್ಡ ಸ್ವಿಚ್ಚನ್ನು ಮೊದಲು ಮೇಜಿನ ಮೇಲೆಯೇ ಕೂರಿಸಿದ್ದರು. ಒಮ್ಮೆ ನಾಯಕರು ತಿರುಗಿಸಹೋಗಿ, ಕೈ ಅದುರಿ, ಅದು ಆ ಕಡೆಗೂ ಈ ಕಡೆಗೂ ನಾಲ್ಕು ಸಲ ಬಡಿದು ಕಿಡಿ ಹಾರಿತು. ಅಂದಿನಿಂದ ಎರಡು ಸ್ವಿಚ್ಚುಗಳೂ ಹಳೆಯ ಕಂಟ್ರೋಲರೂ ಕೆಳಗೆ ಇಳಿದವು. ಮೇಲೆ ಉಳಿದದ್ದು ಹೊಸ ಬಾಕ್ಸು ಮಾತ್ರ. ಅದರ ಮೇಲೆ ಅಂಗೈ ಒತ್ತಿ ಹಿಡಿದು ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ನಡುಕ ಯಾರಿಗೂ ಕಾಣುತ್ತಿರಲಿಲ್ಲ. ಜನ ಬಂದಾಗ ನೀನು ಕೆಳಗಿರು ಎಂದು ಅವರು ಹೇಳಿದ್ದು ಹೀಗೆ. "ಬಲಗಾಲಲ್ಲಿ ಒಂದು ಸಲ ತಟ್ಟಿದ್ರೆ ಹೊಸದು. ಎರಡು ಸಲ ತಟ್ಟಿದ್ರೆ ಹಳೆಯದು. ಆತಾ?" ಅವಳು, "ಆತು," ಎಂದಿದ್ದಳು.

ಒಂದು ಸಲ ತಟ್ಟಿತು. ಅಟ್ಟೆ ನೆಲಕ್ಕೆ ಬಡಿದ ಸದ್ದು ಸ್ಪಷ್ಟವಾಗಿತ್ತು. ನಾಗು ದೊಡ್ಡ ಸ್ವಿಚ್ಚನ್ನು ಕೆಳಕ್ಕೆ ಹಾಕಿದಳು. ಮೇಲೆ ಹೊಸ ಎಂಜಿನ್ನು ಹೊರಟಿತು. ಅವಳಿಗೆ ಅದು ಕೇಳುವುದು ಹಳಿಯ ಪ್ರತಿ ಸಂದಿನಲ್ಲೂ ಚಕ್ರಗಳು ಟಕಟಕ ಎಂದಂತೆ. ಸುತ್ತು ಹೊಡೆದು, ಗುಡ್ಡದ ಸುರಂಗ ಹೊಕ್ಕು, ತಲೆಯ ಮೇಲೆಯೇ ಹಾದು ಹೋಗುತ್ತದೆ. ಎಂಟು ತಿಂಗಳಲ್ಲಿ ಅವಳು ರೈಲು ಓಡುವುದನ್ನು ಮೇಲಿನಿಂದ ನಿಂತು ನೋಡಿದ್ದು ಕಡಿಮೆ. ವೈರಿನ ತೂತುಗಳಿಂದ ಮರದ ಹೊಟ್ಟು ಕಣ್ಣಿಗೆ ಉದುರಿತು. ಮ್ಯಾನೇಜರರು "ವ್ಹಾ" ಎಂದರು. ಮಾಸ್ತರರು ಪ್ರಶ್ನೆಗಳನ್ನು ಕೇಳಿದರು. ನಾಯಕರು ಒಂದೊಂದಕ್ಕೂ ನಿಧಾನವಾಗಿ, ಸೊಗಸಾಗಿ ಉತ್ತರ ಹೇಳಿದರು. "ಇಷ್ಟು ವೈರಿಂಗು ಯಾರು ಮಾಡಿದ್ರು ಕ್ಯಾಪ್ಟನ್ರೇ?" ಎಂದಾಗ ಅವರು, "ನಾನೇ, ಮತ್ಯಾರು? ಹೊತ್ತು ಹೋಗಬೇಕಲ್ಲ," ಎಂದರು. ಅದು ಮೊದಲೇ ಮಾತಾಗಿದ್ದದ್ದು. ನಾಗುವಿಗೆ ಏನೂ ಅನಿಸಲಿಲ್ಲ, ಅಥವಾ ಅನಿಸಬಾರದೆಂದು ಅವಳು ವೈರಿನ ಚೀಟಿಗಳನ್ನು ಓದಿಕೊಂಡಳು.

ಆಗ ಮಾಸ್ತರರ ಹೆಂಡತಿಯ ಕಾಲುಂಗುರದ ಬೆರಳು ನೆಲದ ಮೇಲೆ ಸಣ್ಣಗೆ ಆಡಿತು. "ಅಲ್ಲ, ಅಘನಾಶಿನಿ ಹೆಂಗ್ಸೊಂದು ಬೆಳಗಿಂದ ಸಂಜೆ ತನಕ ಇಲ್ಲೇ ಇರ್ತದಂತಲ್ಲ. ಗಂಡ ಬಿಟ್ಟದ್ದಂತೆ. ಪೇಟೇಲಿ ಎಂತೆಂತದೋ ಹೇಳ್ತಾರಪ್ಪ."

ಮ್ಯಾನೇಜರರು ಗಂಟಲು ಸರಿಮಾಡಿಕೊಂಡರು. ಮೇಲೆ ರೈಲು ಅರ್ಧ ಸುತ್ತು ಹೋಯಿತು. ನಾಗು ಕಾದಳು. ಅವರು ಏನು ಹೇಳಬಹುದೆಂದು ಅವಳಿಗೆ ಕಲ್ಪನೆಯಿರಲಿಲ್ಲ. ಪಾತ್ರೆ ತೊಳೆಯುವವಳು ಎಂದಿದ್ದರೂ ಆಗುತ್ತಿತ್ತು.

ನಾಯಕರು ನಕ್ಕರು. "ಅದಾ! ಅದನ್ನು ಗಂಡ ಬಿಟ್ಟದ್ದು ಎಂತಕ್ಕೆ ಗೊತ್ತುಂಟ? ಕೈ ಅರದ ಹಾಗೆ ಅಂತೆ! ರಾತ್ರಿ ಮೈ ಮೇಲೆ ಕೈ ಇಟ್ರೆ ಚರ್ಮ ಕಿತ್ತು ಬರ್ತದೆ ಅಂತ ಪಾಪ ಓಡಿ ಹೋದ. ಅಂಥದ್ದರ ಹತ್ರ ನನ್ನ ಮೈ ಕೊಡ್ಲಿಕ್ಕೆ ನಾನೇನು ಮರದ ಕೊರಡಾ?"

ಮೊದಲು ನಕ್ಕದ್ದು ಮ್ಯಾನೇಜರರು. ಆ ನಗೆಗೆ ಕುರ್ಚಿ ಕಿರುಗುಟ್ಟಿತು. ಮಾಸ್ತರರ ಹೆಂಡತಿ "ಛೀ, ಹೋಗಿ" ಎನ್ನುತ್ತ, ಬಾಯಿಗೆ ಸೆರಗು ಅಡ್ಡ ಹಿಡಿದಿರಬೇಕು, ತಡೆತಡೆದು ನಕ್ಕಳು. ಗುಮಾನಿ ಕರಗಿತು. ಆ ಕೋಣೆಯಲ್ಲಿ ಎಲ್ಲರೂ ಹಗುರಾದರು ಎಂಬುದು ಕೆಳಗೆ ಕೂತವಳಿಗೂ ತಿಳಿಯಿತು. ಪಾದಗಳು ಸಡಿಲಾಗಿ, ಒಂದರ ಮೇಲೊಂದು ಏರಿ ಕೂತವು. ನಾಗು ತನ್ನ ಕೈಗಳನ್ನು ನೋಡಿಕೊಳ್ಳಲಿಲ್ಲ. ತನ್ನ ಕಿವಿ ಯಾಕೆ ಇಷ್ಟು ಬಿಸಿಯಾಗಿದೆ, ಯಾರೂ ನೋಡದ ಜಾಗದಲ್ಲಿ ಕೂತಿದ್ದರೂ ನಾಚಿಕೆ ಹೇಗೆ ಆಗುತ್ತದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಗಂಡ ನಿದ್ದೆಗಣ್ಣಿನಲ್ಲಿ ಹೇಳಿದ್ದ. ಇವರು ಎಚ್ಚರದಲ್ಲಿ, ನಾಲ್ಕು ಜನ ಕೂತಲ್ಲಿ, ತಾನು ಕೇಳುತ್ತಿದ್ದೇನೆಂದು ಗೊತ್ತಿದ್ದೂ. ಅಥವಾ ಗೊತ್ತೇ ಇರಲಿಲ್ಲವೋ? ಸ್ವಿಚ್ಚಿಗೆ ಕಿವಿ ಇರುತ್ತದೆಂದು ಯಾರು ಎಣಿಸುತ್ತಾರೆ?

"ಈಗ ನೋಡಿ ನಮ್ಮ ಹಳೇ ಮುದುಕನ್ನ," ಎಂದರು ನಾಯಕರು. ದನಿಯಲ್ಲಿ ಮೊದಲ ಸಲ ಬೇರೆಯೇ ಮೃದುತ್ವ. "ಅರವತ್ತೊಂದನೇ ಇಸವೀಲಿ, ಮೊದಲ ಪ್ರಯಾಣದಲ್ಲಿ ತಗೊಂಡದ್ದು. ಇದರ ಜೊತೆಗೇ ನಾನು ಇಡೀ ಪ್ರಪಂಚ ಸುತ್ತಿದ್ದು." ಬಲಗಾಲು ಎದ್ದು ಎರಡು ಸಲ ತಟ್ಟಿತು. ಟಪ್. ಟಪ್. ಇದಕ್ಕಿಂತ ಸ್ಪಷ್ಟವಾಗಿ ಯಾರೂ ತಟ್ಟಲಾರರು.

ನಾಗು ದೊಡ್ಡ ಸ್ವಿಚ್ಚನ್ನು ಮುಟ್ಟಲಿಲ್ಲ. ಸಣ್ಣದನ್ನು ಹಾಕಿದಳು.

ಪಕ್ಕದ ಹಳಿಯ ಮೇಲೆ ಹಳೆಯ ಎಂಜಿನ್ನು ಗುಂಯ್ ಎಂದಿತು. ಓಡಲಿಲ್ಲ. ನಾಯಕರು ಕಾದರು. "ಸ್ವಲ್ಪ ಬಿಸಿಯಾಗಬೇಕು, ವಯಸ್ಸಾತಲ್ಲ," ಎಂದು ನಕ್ಕರು. ಮತ್ತೆ ಟಪ್, ಟಪ್. ನಾಗು ಸ್ವಿಚ್ಚಿನ ಮೇಲೆ ಕೈ ಇಟ್ಟು ಕೂತಳು. ಈಗಲೂ ಹಾಕಬಹುದು. ಈಗಲೂ. ಗುಂಯ್ ಎನ್ನುವುದು ಸ್ವಲ್ಪ ಇಳಿದು, ಆಮೇಲೆ ಆ ವಾಸನೆ ಬಂತು. ಕಾಯಿಲಿನ ವಾರ್ನಿಶು ಸುಡುವ ವಾಸನೆ ಬೊಂಬಾಯಿಯ ಎಂಟು ವರ್ಷದಲ್ಲಿ ಅವಳಿಗೆ ಅನ್ನದ ವಾಸನೆಯಷ್ಟೇ ಪರಿಚಿತ. ಕಾಲು ಈಗ ಲೆಕ್ಕವಿಲ್ಲದೆ ಬಡಿಯುತ್ತಿತ್ತು, ಟಪ್ ಟಪ್ ಟಪ್ ಟಪ್. "ಅಯ್ಯೋ, ಹೊಗೆ!" ಎಂದಳು ಮಾಸ್ತರರ ಹೆಂಡತಿ. ನಾಯಕರು ಬಾಕ್ಸಿನ ಮೇಲಿನ ಕೈ ತೆಗೆದು ಎಂಜಿನ್ನನ್ನು ಎತ್ತಹೋಗಿರಬೇಕು. ಎಲ್ಲರ ಕಣ್ಣೆದುರು ಆ ಕೈ ಗಾಳಿಯಲ್ಲಿ ಅದುರಿರಬೇಕು. ಸ್ಟೇಷನ್ನು ಉರುಳಿದ ಸದ್ದು, ಸಿಗ್ನಲ್ಲು ಮುರಿದ ಸದ್ದು, ಕೊನೆಗೆ ಎಂಜಿನ್ನು ನೆಲಕ್ಕೆ ಬಿದ್ದು, ಪರದೆಯ ಕೆಳಗೆ ಜಾರಿ, ನಾಗುವಿನ ಹೆಬ್ಬೆರಳಿಗೆ ಬಂದು ತಾಗಿತು. ಬಿಸಿಯಾಗಿತ್ತು.

ಹೆಕ್ಕಲು ಬಗ್ಗಿದ ಮಾಸ್ತರರ ಹೆಂಡತಿ ಪರದೆ ಎತ್ತಿದಳು. ಎರಡು ಮುಖಗಳು ಒಂದು ಮೊಳ ದೂರದಲ್ಲಿ ಎದುರಾದವು. ಒಂದು ಕ್ಷಣ ಬಗ್ಗಿದವಳು ಹೆದರಿದಳು, ಆಮೇಲೆ ಹೆದರಿಕೆ ಬೇರೇನೋ ಆಯಿತು. "ಇದೆಂತ ಇದು! ಆ ಹೆಂಗ್ಸು ಇಲ್ಲೇ ಕೂತದೆ!"

ಮಾಸ್ತರರೂ ಬಗ್ಗಿ ನೋಡಿದರು. ಅವರು ನಾಗುವನ್ನು ನೋಡಲಿಲ್ಲ. ಸ್ವಿಚ್ಚು, ಕಂಟ್ರೋಲರು, ಚೀಟಿ ಕಟ್ಟಿದ ವೈರುಗಳ ಸಾಲು, ಅವಳ ಕೈ, ಎಲ್ಲವನ್ನೂ ಕ್ರಮವಾಗಿ ನೋಡಿದರು. "ಓ," ಎಂದರು. ಎದ್ದು ನಿಂತು, ಬಹಳ ಸೌಜನ್ಯದಿಂದ, "ಹಾಗಾದ್ರೆ ಇದೆಲ್ಲ... ಇರಲಿ ಬಿಡಿ ಕ್ಯಾಪ್ಟನ್ರೇ, ಒಳ್ಳೇದಾತು, ನೋಡಿ ಖುಷಿಯಾತು," ಎಂದರು. ಚಹಾ ಅರ್ಧಕ್ಕೇ ಉಳಿಯಿತು. ಮೆಟ್ಟಿಲಿಳಿದ ಮೇಲೆ ಅವರ ಹೆಂಡತಿ ತಡೆದುಕೊಳ್ಳಲಾರದೆ ನಕ್ಕದ್ದು ಕಿಟಕಿಯಿಂದ ಕೇಳಿಸಿತು.

ನಾಗು ಹೊರಬಂದಾಗ ನಾಯಕರು ಕುರ್ಚಿಯಲ್ಲಿ ಕೂತಿದ್ದರು. ಅವಳು ಎಂಜಿನ್ನನ್ನು ಮೇಜಿನ ಮೇಲಿಟ್ಟಳು. ಬಯ್ಯುತ್ತಾರೆ, ಬೈದರೆ ತಾನೂ ಹೇಳುತ್ತೇನೆ, ಹೌದು, ಬೇಕೆಂದೇ ಸುಟ್ಟೆ ಎನ್ನುತ್ತೇನೆ ಎಂದು ಅವಳು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ನಿಂತಳು. ಆದರೆ ಅವರು ತಲೆ ಎತ್ತದೆ, ಸಣ್ಣ ದನಿಯಲ್ಲಿ, "ಎರಡು ಸಲ ತಟ್ಟಿದ್ನಲ್ಲೇ. ಕೇಳ್ಲಿಲ್ವ?" ಎಂದರು. ಆ ದನಿ ಎದುರು ಧೈರ್ಯ ನಿಲ್ಲಲಿಲ್ಲ. ಕೆಲಸ ಹೋಗುತ್ತದೆ, ನಾಳೆಯಿಂದ ಸುಬ್ಬಿಯ ಹಿಂದೆ ಹೊಳೆಯ ಕೆಸರಿಗೆ ಎಂಬ ಒಂದೇ ಯೋಚನೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದಳು.

"ಯಾವ ಎರಡು ಅಂತ ಹೇಳೂದು ಸಾಹೇಬ್ರೆ? ನಿಮ್ಮ ಕಾಲು ಮೊದಲಿಂದನೂ ನಡುಗ್ತಾ ಇತ್ತು. ತಟ್ಟಿದ್ದು ಯಾವುದು, ನಡುಗಿದ್ದು ಯಾವುದು, ನಂಗೆ ಗೊತ್ತಾಗ್ಲಿಲ್ಲ."

ನಾಯಕರ ಮುಖದಲ್ಲಿ ಆದದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಅದು ಸಿಟ್ಟಲ್ಲ. ಯಾರೋ ಬಾಗಿಲಲ್ಲಿ ಬಂದು ನಿಂತದ್ದನ್ನು ಕಂಡವರ ಹಾಗೆ ಅವರು ತನ್ನ ಕಾಲನ್ನು ನೋಡಿದರು. "ಯಾವ ಕಾಲು?"

"ಬಲಗಾಲು."

"ನೀ ಸರಿ ನೋಡಿದ್ದಾ?"

"ನೋಡದೆ ಎಂತ. ನನ್ನ ಮುಖದ ಎದುರೇ ಇತ್ತಲ್ಲ."

ಆಮೇಲೆ ಅವರು ಹೇಳಿದರು. ಈ ಕಾಯಿಲೆ ಕೈಯಲ್ಲಿ ಎಷ್ಟು ವರ್ಷ ಬೇಕಾದರೂ ಇರಲಿ, ಕಾಲಿಗೆ ಇಳಿಯಿತೋ ಮುಗಿಯಿತು. ಅಲ್ಲಿಂದ ಮುಂದೆ ಬೇಗ ಬೇಗ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದ್ದರಂತೆ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಅವರು ಕಾಲನ್ನೇ ನೋಡಿಕೊಳ್ಳುತ್ತಿದ್ದರಂತೆ. "ನನ್ನ ಕಣ್ಣಿಗೆ ಕಾಣಿಸ್ಲೇ ಇಲ್ಲ, ನೋಡು," ಎಂದರು. ನಾಗುವಿಗೆ ಆಗ ಹಿಂದಕ್ಕೆ ಬರಲು ದಾರಿಯಿತ್ತು. ಕತ್ತಲು ಕತ್ತಲಾಗಿತ್ತು, ನನ್ನ ಭ್ರಮೆ ಎಂದರೆ ಮುಗಿಯುತ್ತಿತ್ತು. ಆದರೆ ಅವರು ಒಮ್ಮೆ, ಒಂದೇ ಸಲ, ಆ ಅರದ ಮಾತು ಎತ್ತಲಿ ಎಂದು ಅವಳು ಕಾದಳು. ಎತ್ತಿದರೆ ನಿಜ ಹೇಳಿಬಿಡುವುದೆಂದು ಮನಸ್ಸಿನಲ್ಲೇ ಅವರೊಂದಿಗೆ ಕರಾರು ಮಾಡಿಕೊಂಡಳು. ಅವರು ಕಾಲನ್ನು ನೋಡುತ್ತಲೇ ಇದ್ದರು. ಆ ಮಾತು ಅವರಿಗೆ ನೆನಪಿರಲಿಲ್ಲ.

"ನೀವು ನೋಡುವಾಗ ನಿಲ್ತದೆ ಸಾಹೇಬ್ರೆ," ಎಂದಳು. "ಮರೆತಾಗ ಶುರು."

"ಹೌದು," ಎಂದರು ನಾಯಕರು. "ಕೈಯೂ ಮೊದಲು ಹಾಗೇ ಇತ್ತು."

ಮಾಸ್ತರರ ಹೆಂಡತಿ ಹೇಳಿದ್ದು ಮರುದಿನವೇ ಬಸ್ಸು ಹತ್ತಿ ಅಘನಾಶಿನಿಗೂ ಬಂತು. ಸುಬ್ಬಿ ಚಿಪ್ಪಿಯ ಬುಟ್ಟಿ ಕುಕ್ಕಿ, "ಮೇಜಿನ ಅಡಿಗೆ ಕೂತ್ಕಣ್ತಿದ್ಯಂತಲ್ಲೆ, ನಾಯಿ ಹಾಗೆ," ಎಂದಳು. ನಾಗು ಕುಮಟೆಗೆ ಹೋಗುವುದನ್ನು ಬಿಡಲಿಲ್ಲ. ನಾಯಕರು ಸಂಜೆ ಸಮುದ್ರದ ದಂಡೆಯ ಹೆಡ್ ಬಂದರಿನ ತನಕ ನಡೆದು ಹೋಗುವುದನ್ನು ನಿಲ್ಲಿಸಿದ್ದರು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ನಡೆಯದೆ ಕಾಲು ಜೋಮು ಹಿಡಿದರೆ, "ನೋಡು, ಶುರುವಾತು," ಎನ್ನುತ್ತಿದ್ದರು. ಬೆಳಿಗ್ಗೆ ಅವಳು ಬರುವಾಗ ಬಲಗಾಲನ್ನು ಸ್ಟೂಲಿನ ಮೇಲಿಟ್ಟು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಾಯುತ್ತಿರುತ್ತಿದ್ದರು. ನಾಗು ನೆಲದ ಮೇಲೆ ಕೂತು ನೋಡುತ್ತಿದ್ದಳು. ಆ ಕಾಲು ತೊಳೆದಿಟ್ಟ ಪಾತ್ರೆಯ ಹಾಗೆ ನಿಶ್ಚಲವಾಗಿರುತ್ತಿತ್ತು.

"ನಿನ್ನೆಗಿಂತ?"

"ಸ್ವಲ್ಪ ಜಾಸ್ತಿ."

ಬಸ್ಸಿನಲ್ಲಿ ಪ್ರತಿ ಸಂಜೆ ನಾಳೆ ನಿಜ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಬಾಯಿ ತೆರೆದೂ ಬಿಟ್ಟಿದ್ದಳು. ಅಷ್ಟರಲ್ಲಿ ನಾಯಕರು, "ಊರಲ್ಲಿ ಎಲ್ಲ ನನ್ನ ಎದುರು ಚಂದ ಮಾತಾಡ್ತಾರೆ ನಾಗೂ. ಇದ್ದದ್ದು ಇದ್ದ ಹಾಗೆ ಹೇಳೋಳು ನೀನೊಬ್ಬಳೇ," ಎಂದರು. ಅದನ್ನು ಕೇಳಿ ಅವಳಿಗೆ ಒಂದು ಕ್ಷಣ ಹಿಂದಿನ ಹಾಗೆಯೇ ಸಂತೋಷವಾಯಿತು. ಆ ಸಂತೋಷಕ್ಕೆ ಹೇಸಿ ಅವಳು ಒಳಗೆ ಹೋಗಿ ಪಾತ್ರೆ ತಿಕ್ಕಿದಳು. ಆ ವಾರವೇ ಅವರು ಮೇಜನ್ನು ಬಿಚ್ಚಲು ಹೇಳಿದರು. ಎಂಟು ತಿಂಗಳು ಸೋಲ್ಡರ್ ಮಾಡಿದ್ದನ್ನು ಅವಳು ಎರಡು ದಿನದಲ್ಲಿ ಕತ್ತರಿಸಿ ಹಾಕಿದಳು. ಚೀಟಿಗಳನ್ನು ಒಲೆಗೆ ಹಾಕಿದಳು.

ಆ ಆದಿತ್ಯವಾರ ಕಳೆದು ಇಪ್ಪತ್ತು ದಿನಕ್ಕೆ ಮಂಕಿ ಊರಿನಿಂದ ನಾಯಕರ ತಂಗಿ ತಿಮ್ಮಕ್ಕ ಕಾರು ಮಾಡಿಕೊಂಡು ಬಂದಳು. ಇನ್ನು ಅಣ್ಣ ತನ್ನ ಮನೆಯಲ್ಲೇ ಇರಲಿ, ಒಬ್ಬನೇ ಬಿದ್ದರೆ ಯಾರು ಎತ್ತುತ್ತಾರೆ ಎಂದಳು. ಮೂರು ವಾರದ ಹಿಂದೆ ದಿನಕ್ಕೆರಡು ಮೈಲಿ ನಡೆಯುತ್ತಿದ್ದ ನಾಯಕರನ್ನು ಡ್ರೈವರನೂ ಪಕ್ಕದ ಮನೆಯವನೂ ಕುರ್ಚಿ ಸಮೇತ ಹೊತ್ತು ಮೆಟ್ಟಿಲಿಳಿಸಿದರು. ಕಾಲು ನೆಲಕ್ಕೆ ತಾಗಬಾರದೆಂದು ಅವರು ಮೊಣಕಾಲು ಎತ್ತಿ ಹಿಡಿದಿದ್ದರು. ತಿಮ್ಮಕ್ಕ ಮನೆಗೆ ಬೀಗ ಹಾಕುತ್ತ, "ಈ ಬಡಪಾಯಿ ಕೈಕಾಲು ಇನ್ನು ಹ್ಯಾಂಗೆ ನೆಟ್ಟಗಾಗೂದು," ಎಂದು ನಾಗುವಿಗೇ ಹೇಳಿ ಕಣ್ಣೊರೆಸಿಕೊಂಡಳು. ಹೇಳುವುದಾದರೆ ಇದೇ ಹೊತ್ತು ಎಂದು ನಾಗುವಿಗೆ ಗೊತ್ತಿತ್ತು. ಹೇಳಿದರೆ ಈ ಮನುಷ್ಯ ಕಾರಿನಿಂದ ಇಳಿದು ನಡೆದಾನು ಎಂದೂ ಗೊತ್ತಿತ್ತು. ಕಾರು ಚಾಲೂ ಆಯಿತು. ನಾಯಕರು ಗಾಜು ಇಳಿಸಿ ಅವಳನ್ನು ಕರೆದರು. ಸೀಟಿನ ಮೇಲೆ ಅಡ್ಡ ಚಾಚಿದ್ದ ಬಲಗಾಲನ್ನು ಕಣ್ಣಿನಲ್ಲೇ ತೋರಿಸಿ, ತಾನು ನೋಡದೆ ಮುಖ ತಿರುಗಿಸಿಕೊಂಡು, ಕೇಳಿದರು.

"ಈಗ?"

ನಾಗು ಬಗ್ಗಿದಳು. ಹಳೆಯ ಡೀಸೆಲ್ ಕಾರು. ಚಾಲೂ ಇದ್ದ ಎಂಜಿನ್ನಿಗೆ ಬಾಗಿಲು, ಗಾಜು, ಸೀಟು ಎಲ್ಲ ಗಡಗಡ ಅದುರುತ್ತಿತ್ತು. ಅದರ ಮೇಲಿಟ್ಟ ಬಿಳಿ ಕಾಲೂ ಅದುರುತ್ತಿತ್ತು, ಹೆಬ್ಬೆರಳಿನಿಂದ ಹಿಮ್ಮಡಿಯ ತನಕ.

"ನಡುಗ್ತದೆ ಸಾಹೇಬ್ರೆ," ಎಂದಳು. "ಬೇಕಾದ್ರೆ ನೀವೇ ನೋಡಿ."

ಅವರು ನೋಡಿದರು.